‘ಒಂದು ದೇಶ’ದ ಚಂದಾದಲ್ಲಿ ನಮ್ಮೂರಿಗೆ ಪಾಲಿಲ್ಲ

ಕೈಯಲ್ಲಿ ಫೋನ್ ಇದೆಯಲ್ಲ, ಮೊದಲು ಒಂದು ಕೆಲಸ ಮಾಡಿ. ಗೂಗಲ್ ಸ್ಕಾಲರ್ ತೆರೆಯಿರಿ. ಅಡಿಕೆ ಎಲೆಚುಕ್ಕಿ ರೋಗದ ಇಂಗ್ಲಿಷ್ ಹೆಸರು ಹಾಕಿ ಹುಡುಕಿ. ಕಲಬುರಗಿ ಕಡೆಯವರಾದರೆ ತೊಗರಿಯ ನೆಟೆ ರೋಗ ಹುಡುಕಿ. ಇಂಗ್ಲಿಷ್ ಹೆಸರು ಗೊತ್ತಿಲ್ಲದಿದ್ದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳ ಕೈಲಿ ಹುಡುಕಿಸಿ.

ಸಾಲು ಸಾಲು ಸಂಶೋಧನಾ ಲೇಖನಗಳು ಬರುತ್ತವೆ. ಕೆಲವು ತೆರೆದುಕೊಳ್ಳುತ್ತವೆ. ಕೆಲವು ಹತ್ತು ಸಾಲಿನ ಸಾರಾಂಶ ತೋರಿಸಿ ಅಲ್ಲೇ ನಿಲ್ಲುತ್ತವೆ. ಮುಂದೆ ಓದಬೇಕಾದರೆ ದುಡ್ಡು ಕಟ್ಟಿ ಅನ್ನುತ್ತವೆ. ಒಂದು ಲೇಖನಕ್ಕೆ ಸಾಮಾನ್ಯವಾಗಿ 30ರಿಂದ 40 ಡಾಲರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರದಿಂದ ಮೂರೂವರೆ ಸಾವಿರ ರೂಪಾಯಿ. ಸುದ್ದಿಗಿಷ್ಟು ಎಂದು ಕಾಸು ಎಣಿಸಿಕೊಳ್ಳುವ ನನ್ನಂಥ ಸ್ಟ್ರಿಂಗರ್ ನಾಲ್ಕಾರು ಸುದ್ದಿ ಬರೆದರೂ ಅಷ್ಟು ಹುಟ್ಟುವುದಿಲ್ಲ.

ಈಗ ಆ ಲೇಖನ ಬರೆದವರ ವಿಳಾಸ ನೋಡಿ. ಎಷ್ಟೋ ಸಲ ಅದು ನಮ್ಮದೇ ಕೃಷಿ ವಿಶ್ವವಿದ್ಯಾಲಯ, ಇಲ್ಲವೇ ನಮ್ಮದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ. ಸಂಬಳ ಸರ್ಕಾರದ್ದು. ಪ್ರಯೋಗಾಲಯ ಸರ್ಕಾರದ್ದು. ಜೀಪು, ಡೀಸೆಲ್ಲು ಸರ್ಕಾರದ್ದು. ರೋಗ ಬಂದ ಎಲೆ ಕೊಟ್ಟ ತೋಟ ನಿಮ್ಮದೋ, ನಿಮ್ಮ ಪಕ್ಕದವರದೋ. ಆದರೆ ಓದಲು ಕಟ್ಟುವ ದುಡ್ಡು ಹೋಗುವುದು ಹಾಲೆಂಡಿಗೋ, ಜರ್ಮನಿಗೋ, ಇಂಗ್ಲೆಂಡಿಗೋ, ಅಮೆರಿಕಕ್ಕೋ.

‘ಸರ್ಕಾರದ ದುಡ್ಡು’ ಅಂದೆ. ಸರ್ಕಾರಕ್ಕೆ ಅಂತ ಬೇರೆ ದುಡ್ಡಿಲ್ಲ. ನೀವು ಇದನ್ನು ಓದುತ್ತಿರುವ ಫೋನಿನ ರೀಚಾರ್ಜ್ ಮೇಲೆ ನೂರಕ್ಕೆ 18 ಜಿಎಸ್‌ಟಿ ಕಟ್ಟಿದ್ದೀರಿ. ಆದಾಯ ತೆರಿಗೆ ಕಟ್ಟುವವರು ಮಾತ್ರ ತೆರಿಗೆದಾರರು ಅಂತ ಯಾರಾದರೂ ಹೇಳಿದರೆ ಈ ರೀಚಾರ್ಜ್ ಲೆಕ್ಕ ತೋರಿಸಿ.

ಬಾವಿ ನಮ್ಮದು, ಬೀಗ ಅವರದು

ಈ ವ್ಯಾಪಾರ ನಡೆಯುವ ರೀತಿ ಗೊತ್ತಾದರೆ ಸಿಟ್ಟು ಬರದೇ ಇರದು.

ವಿಜ್ಞಾನಿಯೊಬ್ಬರು ವರ್ಷಗಟ್ಟಲೆ ಕೆಲಸ ಮಾಡಿ ಲೇಖನ ಬರೆಯುತ್ತಾರೆ. ವಿಜ್ಞಾನ ಪತ್ರಿಕೆಗೆ ಕಳಿಸುತ್ತಾರೆ. ಪತ್ರಿಕೆಯವರು ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳಿಗೆ ಕೊಟ್ಟು ಸರಿ ತಪ್ಪು ನೋಡಿಸುತ್ತಾರೆ. ಬರೆದವರಿಗೆ ಪತ್ರಿಕೆಯಿಂದ ಕಾಸಿಲ್ಲ. ತಿದ್ದಿದವರಿಗೂ ಸಾಮಾನ್ಯವಾಗಿ ಕಾಸಿಲ್ಲ. ಇಬ್ಬರ ಸಂಬಳವೂ ಬಹುಪಾಲು ಜನರ ದುಡ್ಡೇ. ಕೊನೆಗೆ ವಿಜ್ಞಾನಿ ಒಂದು ಪತ್ರಕ್ಕೆ ಸಹಿ ಹಾಕಿ ಲೇಖನದ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಡುತ್ತಾರೆ. ಅಲ್ಲಿಂದ ಮುಂದೆ ಆ ಲೇಖನ ಕಂಪನಿಯ ಸರಕು. ಅದೇ ಸರಕನ್ನು ಅದೇ ವಿಜ್ಞಾನಿಯ ಕಾಲೇಜಿನ ಗ್ರಂಥಾಲಯ ಚಂದಾ ಕಟ್ಟಿ ಕೊಳ್ಳಬೇಕು.

ಊರವರೇ ಕೂಡಿ ಬಾವಿ ತೋಡಿದ್ದಾರೆ. ಹಗ್ಗ, ರಾಟೆ ಊರವರದ್ದೇ. ಯಾರೋ ಬಂದು ಬಾವಿಕಟ್ಟೆಗೆ ಬೀಗ ಜಡಿದು, ಕೊಡಕ್ಕಿಷ್ಟು ಕೊಡಿ ಅಂದರೆ ಸುಮ್ಮನಿರುತ್ತೇವಾ? ಇಲ್ಲಿ ಸುಮ್ಮನಿದ್ದೇವೆ, ಯಾಕೆಂದರೆ ಬಾವಿ ಇದೆ ಅಂತಲೇ ನಮಗೆ ಯಾರೂ ಹೇಳಿಲ್ಲ.

ಲಾಭ ಎಷ್ಟು ಅಂತೀರಾ? ಈ ಧಂದೆಯ ದೊಡ್ಡ ಹೆಸರು ಎಲ್ಸೆವಿಯರ್. ಅದರ ಮಾತೃಸಂಸ್ಥೆ ತನ್ನ ವಿಜ್ಞಾನ ಪ್ರಕಾಶನ ವಿಭಾಗದಲ್ಲಿ ನೂರು ರೂಪಾಯಿ ವಹಿವಾಟಿಗೆ 35 ರೂಪಾಯಿಗೂ ಮೀರಿ ಲಾಭ ತೋರಿಸುತ್ತದೆ. ನಿಮ್ಮೂರಿನ ಕಿರಾಣಿ ಅಂಗಡಿಯವರನ್ನು ಕೇಳಿ ನೋಡಿ, ನೂರಕ್ಕೆ 35 ಉಳಿಯುವ ಯಾವ ಸಾಮಾನು ಅವರ ಅಂಗಡಿಯಲ್ಲಿದೆ ಅಂತ.

ವಿಜ್ಞಾನಿಗಳನ್ನು ಬೈದು ಪ್ರಯೋಜನವಿಲ್ಲ. ದೊಡ್ಡ ಹೆಸರಿನ ಪತ್ರಿಕೆಯಲ್ಲಿ ಲೇಖನ ಬರದಿದ್ದರೆ ಅವರಿಗೆ ಬಡ್ತಿ ಇಲ್ಲ, ಮುಂದಿನ ಅನುದಾನ ಇಲ್ಲ. ವಿಜ್ಞಾನಿಯೊಬ್ಬರ ಹತ್ತಿರ ಅವರದೇ ಲೇಖನದ ಪ್ರತಿ ಕೇಳಿದೆ. ‘ನಮ್ಮ ಲೈಬ್ರರಿಲಿ ಆ ಪತ್ರಿಕೆ ಇಲ್ಲ ಮಾರಾಯ್ರೆ, ಅಚ್ಚಾದ ಪ್ರತಿ ನನಗೇ ಡೌನ್‌ಲೋಡ್ ಆಗ್ತಿಲ್ಲ’ ಎಂದು ನಕ್ಕರು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಮೇಲ್ ಮಾಡಿದರು. ಒಳ್ಳೆಯ ಮನುಷ್ಯ. ಆದರೆ ಜನರ ದುಡ್ಡಿನ ವಿದ್ಯೆ ಜನರಿಗೆ ತಲುಪುವುದು ಯಾರದೋ ಒಳ್ಳೆಯತನದ ಮೇಲೆ ನಿಂತಿರಬಾರದು.

ಆರು ಸಾವಿರ ಕೋಟಿಯ ಚಂದಾ

ಈ ಬೀಗಕ್ಕೆ ಕೇಂದ್ರ ಸರ್ಕಾರ ಒಂದು ಮದ್ದು ಕಂಡುಹಿಡಿದಿದೆ. ಹೆಸರು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’. ಕನ್ನಡದಲ್ಲಿ ಹೇಳುವುದಾದರೆ ಒಂದು ದೇಶ, ಒಂದು ಚಂದಾ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿತು. 2025ರ ಜನವರಿಯಿಂದ ಶುರುವಾಯಿತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಓದುವ ಅವಕಾಶ 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳಿಗೆ. ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಸೇರಿ ಸುಮಾರು 1.8 ಕೋಟಿ ಜನಕ್ಕೆ.

ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಮೊದಲು ಇಂಥ ಪತ್ರಿಕೆಗಳು ದೊಡ್ಡ ದೊಡ್ಡ ಸಂಸ್ಥೆಗಳಿಗಷ್ಟೇ ಎಟುಕುತ್ತಿದ್ದವು. ತಾಲ್ಲೂಕು ಮಟ್ಟದ ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವ ಹುಡುಗಿಗೂ ಈಗ ಅದೇ ಪತ್ರಿಕೆ ಸಿಗುವಂತಾದರೆ ಅದು ಸಣ್ಣ ವಿಷಯವಲ್ಲ. ಅಷ್ಟರ ಮಟ್ಟಿಗೆ ಈ ಯೋಜನೆಗೆ ನನ್ನ ತಕರಾರಿಲ್ಲ.

ತಕರಾರಿರುವುದು ಹೆಸರಿಗೆ. ದೇಶದ ಜನಸಂಖ್ಯೆ 140 ಕೋಟಿಗೂ ಮೇಲೆ. ಓದುವ ಅವಕಾಶ 1.8 ಕೋಟಿ ಜನಕ್ಕೆ. ಅಂದರೆ ಸುಮಾರು 78 ಜನಕ್ಕೆ ಒಬ್ಬರು. ದುಡ್ಡನ್ನು ಮಾತ್ರ ಎಲ್ಲರ ತಲೆಗೆ ಹಂಚಿ ನೋಡಿ. ತಲೆಗೆ ಸುಮಾರು 43 ರೂಪಾಯಿ. ಐದು ಜನರ ಮನೆಯಾದರೆ ಮೂರು ವರ್ಷಕ್ಕೆ ಇನ್ನೂರು ರೂಪಾಯಿಗೂ ಹೆಚ್ಚು. ಕೊಡುವಾಗ ಒಂದು ದೇಶ. ಓದುವಾಗ 78ರಲ್ಲಿ ಒಬ್ಬರು.

ಯಾರು ಹೊರಗಿದ್ದಾರೆ ಅಂತ ಒಂದೊಂದಾಗಿ ಎಣಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಹೊರಗೆ, ಅದು ಕಾಲೇಜಲ್ಲವಲ್ಲ. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಹೊರಗೆ. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ ಹೊರಗೆ. ಬಿಎಸ್ಸಿ ಅಗ್ರಿ ಮುಗಿಸಿ ಊರಿಗೆ ಬಂದು ತೋಟ ಮಾಡುತ್ತಿರುವ ಹುಡುಗ ಹೊರಗೆ, ಕಾಲೇಜಿನಲ್ಲಿದ್ದಷ್ಟು ದಿನ ಮಾತ್ರ ಅವನು ‘ದೇಶ’ದೊಳಗಿದ್ದ. ರೈತ ಉತ್ಪಾದಕ ಕಂಪನಿ ಹೊರಗೆ. ಆಶಾ ಕಾರ್ಯಕರ್ತೆ ಹೊರಗೆ. ಸುದ್ದಿ ಬರೆಯುವ ನಾನು ಹೊರಗೆ. ಓದುವ ನೀವೂ ಹೊರಗೆ.

ಇನ್ನೊಂದು ಮಾತು. ಇದು ಖರೀದಿಯಲ್ಲ, ಚಂದಾ. ಬಾಡಿಗೆ ಇದ್ದ ಹಾಗೆ. 2027ರ ಡಿಸೆಂಬರ್‌ಗೆ ಅವಧಿ ಮುಗಿದಾಗ ಮತ್ತೆ ಅದೇ ಮೂವತ್ತು ಕಂಪನಿಗಳ ಮುಂದೆ ಕೂರಬೇಕು. ಓದಿ ರೂಢಿಯಾದ 1.8 ಕೋಟಿ ಜನರನ್ನು ತೋರಿಸಿ ಅವರು ಬೆಲೆ ಏರಿಸದೆ ಬಿಡುತ್ತಾರೆಯೇ?

ಕರಡಿನಲ್ಲಿ ಇದ್ದೆವು, ಯೋಜನೆಯಲ್ಲಿ ಇಲ್ಲ

‘ಹಳ್ಳಿಯವರಿಗೂ ಬೇಕು ಅನ್ನುವುದು ಅತಿಯಾಯಿತು’ ಅನ್ನುವವರಿಗೆ ಒಂದು ವಿಷಯ ನೆನಪಿಸಬೇಕು. ಈ ಮಾತು ಮೊದಲು ಆಡಿದ್ದು ನಾವಲ್ಲ, ಸರ್ಕಾರವೇ.

2020ರ ಕೊನೆಯಲ್ಲಿ ಕೇಂದ್ರ ಸರ್ಕಾರ ಐದನೇ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡು ಪ್ರಕಟಿಸಿತು. ಪ್ರಕಾಶಕರ ಜೊತೆ ಮಾತಾಡಿ ಒಂದೇ ಸಲ ಹಣ ಕಟ್ಟಿ, ಭಾರತದಲ್ಲಿರುವ ಎಲ್ಲ ವ್ಯಕ್ತಿಗಳಿಗೂ ಲೇಖನಗಳು ಸಿಗುವಂತೆ ಮಾಡುತ್ತೇವೆ ಎಂದು ಅದರಲ್ಲಿತ್ತು. ಸರ್ಕಾರಿ ಹಣದಲ್ಲಿ ನಡೆದ ಸಂಶೋಧನೆಯ ಲೇಖನದ ಅಂತಿಮ ಪ್ರತಿಯನ್ನು ಸಾರ್ವಜನಿಕ ಭಂಡಾರದಲ್ಲಿ ಇಡಬೇಕು ಎಂದೂ ಇತ್ತು.

ನಾಲ್ಕು ವರ್ಷ ಕಳೆದು ಯೋಜನೆ ಮಂಜೂರಾದಾಗ ‘ಎಲ್ಲ ವ್ಯಕ್ತಿಗಳು’ ಮಾಯ. ‘ಸರ್ಕಾರಿ ಸಂಸ್ಥೆಗಳು’ ಉಳಿದವು. ಹೆಸರು ಮಾತ್ರ ಅದೇ.

ಉಳಿದವರಿಗೆ ಮುಂದಿನ ಹಂತದಲ್ಲಿ ಎಂಬ ಮಾತು ಕೇಳಿಬರುತ್ತದೆ. ಮುಂದಿನ ಹಂತ ಅಂದರೆ ಏನು ಅಂತ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರಸ್ತೆ, ಬಸ್ಸು, ನಲ್ಲಿ ನೀರು, ಮೊಬೈಲ್ ಟವರ್ ಎಲ್ಲದರಲ್ಲೂ ನಾವು ಮುಂದಿನ ಹಂತದವರೇ. ತಾರೀಖು ಇಲ್ಲದ ಹಂತ ಹಂತವಲ್ಲ, ಸಮಾಧಾನದ ಮಾತು.

ಈ ನಡುವೆ ಇದ್ದ ಒಂದು ಕಳ್ಳದಾರಿಯೂ ಮುಚ್ಚಿದೆ. ಬೀಗ ಹಾಕಿದ ಲೇಖನಗಳನ್ನು ಬಿಟ್ಟಿಯಾಗಿ ಕೊಡುತ್ತಿದ್ದ ಸೈ-ಹಬ್ ಎಂಬ ಜಾಲತಾಣದ ವಿರುದ್ಧ ಎಲ್ಸೆವಿಯರ್ ಮತ್ತಿತರ ಪ್ರಕಾಶಕರು 2020ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋಗಿದ್ದರು. 2025ರ ಆಗಸ್ಟ್‌ನಲ್ಲಿ ಅದನ್ನು ದೇಶದಲ್ಲಿ ತೆರೆಯದಂತೆ ತಡೆಯಲು ಕೋರ್ಟ್ ಆದೇಶಿಸಿತು. ಕಾನೂನಿನ ಪ್ರಕಾರ ಅದು ಕಳ್ಳದಾರಿಯೇ ಅನ್ನಿ. ಹಾಗಾದರೆ ನೇರ ದಾರಿ ಎಲ್ಲಿದೆ ಅಂತ ಕೇಳುವ ಹಕ್ಕು ನಮಗಿಲ್ಲವೇ?

ಕ್ಯಾಸನೂರು ಕಲಿಸುವ ಪಾಠ

ಓದಿ ಏನು ಮಾಡುತ್ತೀರಿ ಅನ್ನುವವರನ್ನು ಸೊರಬಕ್ಕೆ ಕರೆದುಕೊಂಡು ಹೋಗಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ ಪತ್ತೆ ಮಾಡಿದರು. ನಾವು ಮಂಗನ ಕಾಯಿಲೆ ಅನ್ನುವ ರೋಗಕ್ಕೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇವತ್ತಿಗೂ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಹೆಸರು. ಆ ವಿದ್ಯೆ ಹುಟ್ಟಿದ್ದು ಇಲ್ಲಿನ ಜನರ ರಕ್ತದ ಮಾದರಿಯಿಂದ, ಇಲ್ಲಿನ ಉಣುಗಿನಿಂದ, ಇಲ್ಲಿ ಸತ್ತ ಮಂಗಗಳಿಂದ.

ಈ ಕಾಯಿಲೆಗೆ ಮಲೆನಾಡಿನಲ್ಲಿ ವರ್ಷಗಟ್ಟಲೆ ಲಸಿಕೆ ಹಾಕಿದರು. ಅದು ಎಷ್ಟು ಕೆಲಸ ಮಾಡುತ್ತದೆ ಅಂತ ರಾಜ್ಯದ ಆರೋಗ್ಯ ಇಲಾಖೆಯವರೂ ಸೇರಿ 2005ರಿಂದ 2010ರವರೆಗಿನ ಲೆಕ್ಕ ತೆಗೆದರು. 2013ರಲ್ಲಿ ಲೇಖನ ಬಂತು. ಎರಡು ಡೋಸ್ ಮಾತ್ರ ಹಾಕಿಸಿಕೊಂಡವರಿಗೆ ರಕ್ಷಣೆ ನೂರಕ್ಕೆ 62ರಷ್ಟು. ಆಮೇಲೆ ಬೂಸ್ಟರ್ ಕೂಡ ಹಾಕಿಸಿಕೊಂಡವರಿಗೆ 83ರಷ್ಟು. ಒಂದೇ ಡೋಸ್ ಹಾಕಿಸಿಕೊಂಡವರಲ್ಲಿ ಪ್ರಯೋಜನ ಕಾಣಲಿಲ್ಲ.

ಈ ಲೆಕ್ಕ ನನಗೆ ಹೇಗೆ ಗೊತ್ತಾಯಿತು? ಆ ಲೇಖನ ಬಂದಿದ್ದು ಪಿಎಲ್‌ಓಎಸ್ ಎಂಬ, ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಪತ್ರಿಕೆಯಲ್ಲಿ. ಬೀಗ ಇರಲಿಲ್ಲ. ಬೂಸ್ಟರ್ ಬಿಟ್ಟರೆ ಏನಾಗುತ್ತದೆ ಅಂತ ಅದನ್ನು ಓದಿದ ಯಾವ ಮೇಷ್ಟ್ರಾದರೂ, ಯಾವ ವರದಿಗಾರನಾದರೂ ಊರಿಗೆ ಹೇಳಬಹುದು. ಲಸಿಕೆ ಇಷ್ಟೇ ಕೆಲಸ ಮಾಡುತ್ತಿದೆಯಲ್ಲ, ಹೊಸದು ಯಾವಾಗ ಅಂತ ಜಿಲ್ಲಾಡಳಿತವನ್ನು ಕೇಳಬಹುದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಎದ್ದು ಜನ ಸತ್ತಾಗ ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಗೊತ್ತಾಯಿತು. ಈಗ ಆ ಹಳೆ ಲಸಿಕೆ ಹಾಕುವುದನ್ನೇ ನಿಲ್ಲಿಸಿದ್ದಾರೆ.

ಅದೇ ವರ್ಷ, 2011–12ರ ಹಾವಳಿಯ ಬಗ್ಗೆ ಇನ್ನೊಂದು ಲೇಖನ ಬಂತು. ಎಲ್ಲಿ? ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ನಡೆಸುವ ಪತ್ರಿಕೆಯಲ್ಲಿ. ಅದೂ ಎಲ್ಲರಿಗೂ ಬಿಟ್ಟಿ. ಶಿವಮೊಗ್ಗದ ಜ್ವರದ ಸುದ್ದಿಯನ್ನು ಶಿವಮೊಗ್ಗದವರು ಬಿಟ್ಟಿಯಾಗಿ ಓದಲು ಅಮೆರಿಕದ ತೆರಿಗೆದಾರರು ದುಡ್ಡು ಕೊಟ್ಟಿದ್ದಾರೆ!

ಅಮೆರಿಕದಲ್ಲಿ ಇದಕ್ಕೆ ನಿಯಮವಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಹಣದಲ್ಲಿ ನಡೆದ ಸಂಶೋಧನೆಯನ್ನು ಒಂದು ವರ್ಷದೊಳಗೆ ಜನರ ಮುಂದೆ ಇಡಬೇಕು ಅಂತ 2008ರಿಂದಲೇ ಇತ್ತು. 2025ರ ಜುಲೈ 1ರಿಂದ ಆ ಒಂದು ವರ್ಷದ ವಿನಾಯಿತಿಯೂ ಹೋಯಿತು. ಪ್ರಕಟವಾದ ದಿನವೇ ತೆರೆದಿಡಬೇಕು. ಅಮೆರಿಕದ ಸರ್ಕಾರಿ ಸಂಶೋಧನೆಯನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಫೋನಿನಲ್ಲಿ ಓದಬಹುದು. ನಮ್ಮ ಸರ್ಕಾರದ ದುಡ್ಡಿನ ಸಂಶೋಧನೆಗೆ ಮೂರು ಸಾವಿರ ಕೇಳುತ್ತಾರೆ.

‘ನಿಮಗೆ ಅರ್ಥವಾಗುತ್ತದಾ?’

ಈ ಮಾತು ನಮ್ಮ ಕಿವಿಗೆ ಹೊಸದಲ್ಲ. ಲೇಖನ ಇಂಗ್ಲಿಷಿನಲ್ಲಿರುತ್ತದೆ, ತುಂಬಾ ಕಠಿಣ, ರೈತರಿಗೆ ಏನು ತಿಳಿಯುತ್ತದೆ ಅನ್ನುತ್ತಾರೆ.

ಪಹಣಿ ನೆನಪು ಮಾಡಿಕೊಳ್ಳಿ. ಒಂದು ಕಾಲದಲ್ಲಿ ಹೊಲದ ದಾಖಲೆ ಶಾನುಭೋಗರ ಕಡತದಲ್ಲಿರುತ್ತಿತ್ತು. ಆಮೇಲೆ ಗ್ರಾಮಲೆಕ್ಕಿಗರ ಕೈಗೆ ಬಂತು. ನೋಡಬೇಕೆಂದರೆ ಅವರ ಮನೆ ಬಾಗಿಲು ಕಾಯಬೇಕಿತ್ತು, ಕೈ ಬಿಸಿ ಮಾಡಬೇಕಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಆಗ ‘ಪಹಣಿಯ ಕಾಲಂ ರೈತರಿಗೆ ಅರ್ಥವಾಗುತ್ತದಾ?’ ಅಂತ ಕೇಳಿ ಮುಚ್ಚಿಟ್ಟಿದ್ದರೆ? ಈಗಲೂ ಎಲ್ಲ ಕಾಲಂ ಎಲ್ಲರಿಗೂ ತಿಳಿಯುವುದಿಲ್ಲ. ಆದರೆ ತಿಳಿದವರೊಬ್ಬರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಓದಿ ಹೇಳುತ್ತಾರೆ.

ಸಂಶೋಧನಾ ಲೇಖನವೂ ಹಾಗೆಯೇ. ಎಲ್ಲರೂ ಓದಬೇಕಿಲ್ಲ. ಓದಬಲ್ಲ ಒಬ್ಬರಿಗೆ ಸಿಕ್ಕರೆ ಸಾಕು, ಉಳಿದವರಿಗೆ ಹೇಳುತ್ತಾರೆ. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ಇದನ್ನೇ ತೋರಿಸಿಕೊಟ್ಟಿದೆ. ಅಲ್ಲಿ ಬರೆಯುವವರು ರೈತರು, ಓದುವವರೂ ರೈತರು. ರೈತರಿಗೆ ಏನು ತಿಳಿಯುತ್ತದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಅಡಿಕೆಯ ಮಾತು ಬಂತಲ್ಲ, ಅಲ್ಲೇ ಇನ್ನೊಂದು ಉದಾಹರಣೆ ಇದೆ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರದಿ ಪ್ರಕಟಿಸಿದೆ. ಬೆಳೆಗಾರರು ಗುಟ್ಕಾದ ಪಾಪವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ ಅನ್ನುತ್ತಾರೆ. ವೈದ್ಯರು ಇಲ್ಲ ಅನ್ನುತ್ತಾರೆ. ನಾನು ಇಲ್ಲಿ ಯಾರ ಪರವೂ ತೀರ್ಪು ಕೊಡುತ್ತಿಲ್ಲ. ಆ ವರದಿ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ಆದರೆ ಅದಕ್ಕೆ ಆಧಾರವಾದ ಬಿಡಿ ಅಧ್ಯಯನಗಳಲ್ಲಿ ಎಷ್ಟೋ ಬೀಗದ ಹಿಂದಿವೆ. ಲಕ್ಷಾಂತರ ಕುಟುಂಬಗಳ ಅನ್ನ ಒಂದು ಕಡೆ, ಬಾಯಿ ಕ್ಯಾನ್ಸರ್ ಆದವರ ಜೀವ ಇನ್ನೊಂದು ಕಡೆ. ಇಷ್ಟು ದೊಡ್ಡ ವಾದವನ್ನು ನಾವು ಮೂಲ ಕಾಗದ ಓದದೆ ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಿಕೊಂಡು ಮಾಡುತ್ತಿದ್ದೇವೆ.

‘ಎಲ್ಲರಿಗೂ ಕೊಟ್ಟರೆ ಅರೆಬರೆ ತಿಳಿದುಕೊಂಡು ತಪ್ಪು ಔಷಧಿ ಹೊಡೆಯುತ್ತಾರೆ’ ಅನ್ನುವವರೂ ಇದ್ದಾರೆ. ಸ್ವಾಮಿ, ಈಗ ಏನು ನಡೆಯುತ್ತಿದೆ? ಔಷಧಿ ಅಂಗಡಿಯವರು ಹೇಳಿದ್ದೇ ವಿಜ್ಞಾನ. ಯೂಟ್ಯೂಬಿನಲ್ಲಿ ಕೂಗಿದವರದ್ದೇ ಸಂಶೋಧನೆ. ಅರೆಬರೆ ಮಾಹಿತಿ ಬಿಟ್ಟಿ ಸಿಗುತ್ತದೆ, ಪೂರ್ತಿ ಮಾಹಿತಿಗೆ ಮೂರು ಸಾವಿರ. ಹೀಗಿರುವಾಗ ಯಾವುದು ಹರಡುತ್ತದೆ ಅಂತ ಕೇಳಬೇಕೇ?

ನಿಯಮ ಆಗಲೇ ಇದೆ, ಪಾಲನೆ ಇಲ್ಲ

ಇನ್ನೊಂದು ಆಕ್ಷೇಪ ದುಡ್ಡಿನದು. 1.8 ಕೋಟಿ ಜನಕ್ಕೇ ಆರು ಸಾವಿರ ಕೋಟಿ ಆದರೆ 140 ಕೋಟಿ ಜನಕ್ಕೆ ಎಷ್ಟಾದೀತು?

ಇಲ್ಲಿ ಎರಡು ವಿಷಯ ಬೇರೆ ಮಾಡಬೇಕು. ಹೊರದೇಶದವರ ಲೇಖನ ಕೊಳ್ಳುವುದು ಒಂದು. ನಮ್ಮದೇ ದುಡ್ಡಿನಲ್ಲಿ ಹುಟ್ಟಿದ ಲೇಖನ ತೆರೆದಿಡುವುದು ಇನ್ನೊಂದು. ಎರಡನೆಯದಕ್ಕೆ ಸಾವಿರಾರು ಕೋಟಿ ಬೇಡ. ಪತ್ರಿಕೆ ಒಪ್ಪಿಕೊಂಡ ಮೇಲೆ ವಿಜ್ಞಾನಿಯ ಕಂಪ್ಯೂಟರಿನಲ್ಲಿರುವ ಅಂತಿಮ ಪ್ರತಿಯನ್ನು ಸಂಸ್ಥೆಯ ಭಂಡಾರಕ್ಕೆ ಹಾಕಿದರೆ ಮುಗಿಯಿತು. ನನಗೆ ಆ ವಿಜ್ಞಾನಿ ಮೇಲ್ ಮಾಡಿದರಲ್ಲ, ಅಷ್ಟೇ ಕೆಲಸ.

ಇದಕ್ಕೆ ನೀತಿ ಕೂಡ ಇದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐಸಿಎಆರ್, 2013ರಲ್ಲೇ ಮುಕ್ತ ಓದಿನ ನೀತಿ ತಂದಿದೆ. ಪ್ರತಿ ಸಂಸ್ಥೆಯೂ ಭಂಡಾರ ಮಾಡಬೇಕು, ಹೆಚ್ಚೆಂದರೆ ಒಂದು ವರ್ಷದೊಳಗೆ ಲೇಖನ ತೆರೆದಿಡಬೇಕು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ತಂತ್ರಜ್ಞಾನ ಇಲಾಖೆ 2014ರ ಡಿಸೆಂಬರ್‌ನಲ್ಲಿ ಇಂಥದ್ದೇ ನೀತಿ ಹೊರಡಿಸಿದವು. ಹನ್ನೊಂದು ವರ್ಷ ಆಯಿತು. ಹಾಗಿದ್ದೂ ಸರ್ಕಾರಿ ಸಂಸ್ಥೆಗಳ ಲೇಖನಗಳ ಮೇಲೆ ಬೆಲೆಚೀಟಿ ಕಾಣುತ್ತದೆ ಅಂದರೆ ನೀತಿ ಕಾಗದದಲ್ಲಿದೆ, ಪಾಲನೆ ಇಲ್ಲ ಅಂತಲೇ ಅರ್ಥ.

ಆಗುವುದಿಲ್ಲ ಅನ್ನುವಂತಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, 2002ರಲ್ಲೇ ಇಂಥ ಭಂಡಾರ ತೆರೆದಿತ್ತು. 1932ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ನಮ್ಮ ರಾಜಧಾನಿಯಲ್ಲೇ ಮಾದರಿ ಇದೆ.

ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಅಂತ ನಿಮಗೆ ಅನ್ನಿಸಿರಬಹುದು. ಅಲ್ಲೊಂದು ಗುಂಡಿ ಇದೆ. ಕಾಯ್ದೆಯ 9ನೇ ಕಲಂ ಪ್ರಕಾರ, ಕೇಳಿದ ಮಾಹಿತಿಯ ಹಕ್ಕುಸ್ವಾಮ್ಯ ಸರ್ಕಾರದ್ದಲ್ಲದೆ ಬೇರೆಯವರದ್ದಾಗಿದ್ದು, ಕೊಟ್ಟರೆ ಅದಕ್ಕೆ ಧಕ್ಕೆಯಾಗುವುದಾದರೆ ಅಧಿಕಾರಿ ಅರ್ಜಿ ತಿರಸ್ಕರಿಸಬಹುದು. ವಿಜ್ಞಾನಿ ಹಕ್ಕನ್ನು ಕಂಪನಿಗೆ ಬರೆದುಕೊಟ್ಟ ಗಳಿಗೆಯಲ್ಲೇ ಲೇಖನ ನಮ್ಮ ಕೈತಪ್ಪುವ ಅಪಾಯ ಇರುವುದು ಹೀಗೆ. ಹಾಗಾಗಿ ಸಹಿಗೆ ಮೊದಲೇ ನಿಯಮ ಇರಬೇಕು: ಜನರ ದುಡ್ಡಿನ ಲೇಖನದ ಪ್ರತಿ ತೆರೆದಿಡುವ ಹಕ್ಕು ಸಂಸ್ಥೆಗೆ ಉಳಿಯಬೇಕು, ಒಪ್ಪದ ಪತ್ರಿಕೆಗೆ ಲೇಖನ ಹೋಗಬಾರದು.

ಏನಾಗಬೇಕು

ಒಂದು. ಕೇಂದ್ರವಾಗಲಿ, ರಾಜ್ಯವಾಗಲಿ, ಸರ್ಕಾರದ ಹಣ ತಿಂದ ಪ್ರತಿ ಸಂಶೋಧನೆಯ ಲೇಖನವೂ ಪ್ರಕಟವಾದ ದಿನವೇ ಸಾರ್ವಜನಿಕ ಭಂಡಾರದಲ್ಲಿರಬೇಕು. ಹಾಕದಿದ್ದರೆ ಅನುದಾನದ ಮುಂದಿನ ಕಂತು ನಿಲ್ಲಬೇಕು. ಮನೆ ಕಟ್ಟುವ ಬಡವರಿಗೆ ತಳಪಾಯದ ಫೋಟೋ ಹಾಕದಿದ್ದರೆ ಕಂತು ಕೊಡುವುದಿಲ್ಲ. ಅದೇ ನಿಯಮ ವಿದ್ಯಾವಂತರಿಗೂ ಇರಲಿ.

ಎರಡು. ಚಂದಾ ಕಟ್ಟಿ ಆಗಿದೆ. ಅದನ್ನು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೂ ಕೊಡಿ. ಕರ್ನಾಟಕದಲ್ಲಿ ‘ಅರಿವು ಕೇಂದ್ರ’ ಅಂತ ಹೆಸರು ಹೊತ್ತ ಇಂಥ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ. ಎಷ್ಟೋ ಕಡೆ ಕಂಪ್ಯೂಟರ್ ಕೂಡ ಇದೆ. ಮನೆಗೆ ಬೇಡ, ಅಲ್ಲೇ ಕೂತು ಓದುತ್ತೇವೆ. ಮುಂದಿನ ಹಂತದಲ್ಲಿ ಅನ್ನುವುದಾದರೆ ತಾರೀಖು ಹೇಳಿ.

ಮೂರು. ನಮ್ಮ ನೆಲ, ನಮ್ಮ ಬೆಳೆ, ನಮ್ಮ ದನ, ನಮ್ಮ ರಕ್ತದ ಮೇಲೆ ನಡೆದ ಪ್ರತಿ ಸಂಶೋಧನೆಗೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಕಡ್ಡಾಯವಾಗಲಿ. ಏನು ನೋಡಿದೆವು, ಏನು ಸಿಕ್ಕಿತು, ಏನು ಇನ್ನೂ ಖಚಿತವಿಲ್ಲ, ಇಷ್ಟು ಸಾಕು. ಮಂಗನ ಕಾಯಿಲೆಯ ಲಸಿಕೆಯ ಲೇಖನಕ್ಕೆ ಬೀಗ ಇರಲಿಲ್ಲ ನಿಜ, ಆದರೆ ಅದು ಇಂಗ್ಲಿಷಿನಲ್ಲಿತ್ತು. ಬೆಲೆ ಒಂದು ಬೀಗವಾದರೆ ಭಾಷೆ ಇನ್ನೊಂದು. ಒಂದು ತೆಗೆದು ಇನ್ನೊಂದು ಉಳಿಸಿದರೆ ಬಾಗಿಲು ತೆರೆಯುವುದಿಲ್ಲ. ರಾಜ್ಯದ ಕೃಷಿ, ತೋಟಗಾರಿಕೆ, ಪಶುವೈದ್ಯ ವಿಶ್ವವಿದ್ಯಾಲಯಗಳ ಮಟ್ಟಿಗೆ ಇದಕ್ಕೆ ದಿಲ್ಲಿಯನ್ನು ಕಾಯಬೇಕಿಲ್ಲ. ವಿಧಾನಸೌಧ ಮನಸ್ಸು ಮಾಡಿದರೆ ಸಾಕು.

ಇದು ಸರ್ಕಾರಕ್ಕೆ. ಇನ್ನು ನಾವು ಮಾಡಬಹುದಾದ್ದು. ಸ್ಕಾಲರ್‌ನಲ್ಲಿ ಲೇಖನ ತೆರೆಯದಿದ್ದರೆ ಕೆಳಗೆ ‘ಎಲ್ಲ ಆವೃತ್ತಿಗಳು’ ಅಂತ ಇರುತ್ತದೆ, ಒತ್ತಿ ನೋಡಿ, ಕೆಲವೊಮ್ಮೆ ಬಿಟ್ಟಿ ಪ್ರತಿ ಸಿಗುತ್ತದೆ. ಸಿಗದಿದ್ದರೆ ಲೇಖಕರ ಇ–ಮೇಲ್ ಅಲ್ಲೇ ಇರುತ್ತದೆ, ಎರಡು ಸಾಲು ಬರೆಯಿರಿ, ಬಹಳ ಜನ ಕಳಿಸುತ್ತಾರೆ. ಮಾಹಿತಿ ಹಕ್ಕಿನಲ್ಲಿ ಪತ್ರಿಕೆಯಲ್ಲಿ ಬಂದ ಲೇಖನ ಕೇಳುವ ಬದಲು ಸಂಶೋಧನಾ ಯೋಜನೆಯ ಅಂತಿಮ ವರದಿ ಕೇಳಿ. ಅದು ಸಂಸ್ಥೆಯ ಸ್ವಂತ ದಾಖಲೆ. ಶುಲ್ಕ ಹತ್ತು ರೂಪಾಯಿ.

ಕೃಷಿ ಮೇಳದಲ್ಲಿ, ತರಬೇತಿಯಲ್ಲಿ, ತೋಟಕ್ಕೆ ಎಲೆ ಕೀಳಲು ಬಂದಾಗ ವಿಜ್ಞಾನಿಗಳನ್ನು ಕೇಳಿ: ‘ಸರ್, ಮೇಡಂ, ಇದು ಎಲ್ಲಿ ಪ್ರಕಟವಾಗುತ್ತದೆ? ನಮಗೆ ಓದಲು ಸಿಗುತ್ತದಾ?’ ಒಬ್ಬರು ಕೇಳಿದರೆ ನಗುತ್ತಾರೆ. ಪ್ರತಿ ಊರಿನಲ್ಲಿ ಕೇಳಿದರೆ ಮೇಲಿನವರಿಗೆ ವರದಿ ಹೋಗುತ್ತದೆ. ಓಟು ಕೇಳಲು ಬರುವ ಸಂಸದರನ್ನೂ ಕೇಳಿ, 2027ರ ಡಿಸೆಂಬರ್‌ಗೆ ಮುಗಿಯುವ ಚಂದಾ ಮತ್ತೆ ಕಟ್ಟುವಾಗ ನಮ್ಮ ಪಂಚಾಯ್ತಿಯ ಹೆಸರು ಆ ಪಟ್ಟಿಯಲ್ಲಿ ಇರುತ್ತದಾ ಅಂತ. ಉತ್ತರ ಸಿಕ್ಕರೆ ನನಗೂ ಬರೆದು ತಿಳಿಸಿ, ಇಲ್ಲೇ ಹಾಕುತ್ತೇನೆ.